ನಿದ್ದೆಯ ನೆಲೆ ತೋರಿಸಿದ ಪಿಡುಗು

ಕರೆದರೆ ಓಗೊಡುತ್ತಿದ್ದರು. ಹೆಸರು, ಊರು, ಇವತ್ತು ಯಾವ ವಾರ ಎಂದು ಕೇಳಿದರೆ ಸರಿಯಾಗಿಯೇ ಹೇಳುತ್ತಿದ್ದರು. ಮರುಕ್ಷಣ ಮತ್ತೆ ನಿದ್ದೆ. ಊಟಕ್ಕೆ ಕೂರಿಸಿದರೆ ತುತ್ತು ಬಾಯಲ್ಲಿರುವಾಗಲೇ ಜೊಂಪು ಹತ್ತುತ್ತಿತ್ತು. 1916-17ರ ಚಳಿಗಾಲದಲ್ಲಿ ವಿಯೆನ್ನಾ ವಿಶ್ವವಿದ್ಯಾಲಯದ ನರ ಮತ್ತು ಮನೋರೋಗ ಚಿಕಿತ್ಸಾಲಯಕ್ಕೆ ಇಂಥ ರೋಗಿಗಳು ಒಬ್ಬೊಬ್ಬರಾಗಿ ಬರತೊಡಗಿದರು. ಮೊದಲು ಒಂದಿಷ್ಟು ಜ್ವರ, ತಲೆನೋವು, ಮೈಕೈ ನೋವು. ಆಮೇಲೆ ಈ ನಿದ್ದೆ. ಹಲವರ ರೆಪ್ಪೆಗಳು ಜೋತುಬಿದ್ದಿದ್ದವು, ಒಂದು ವಸ್ತು ಎರಡಾಗಿ ಕಾಣುತ್ತಿತ್ತು. ಕಳಿಸಿಕೊಟ್ಟ ವೈದ್ಯರಲ್ಲಿ ಒಬ್ಬರು ಮೆನಿಂಜೈಟಿಸ್ ಎಂದು ಬರೆದಿದ್ದರೆ ಇನ್ನೊಬ್ಬರು ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದು, ಮತ್ತೊಬ್ಬರು ಬರೀ ಸನ್ನಿ ಎಂದು ಬರೆದಿದ್ದರು.

ಮಹಾಯುದ್ಧದ ಮೂರನೆಯ ಚಳಿಗಾಲ ಅದು. ಮುದಿ ಚಕ್ರವರ್ತಿ ಫ್ರಾನ್ಸ್ ಜೋಸೆಫ್ ನವೆಂಬರಿನಲ್ಲಿ ತೀರಿಕೊಂಡಿದ್ದ, ನಗರದಲ್ಲಿ ರೊಟ್ಟಿಗೂ ತತ್ವಾರ. ಚಿಕಿತ್ಸಾಲಯದ ಮುಖ್ಯಸ್ಥರು ಯೂಲಿಯಸ್ ವಾಗ್ನರ್-ಯೌರೆಗ್. ಅದೇ 1917ರಲ್ಲಿ ಅವರು ಸಿಫಿಲಿಸ್‌ನಿಂದ ಮೆದುಳು ಕೆಟ್ಟವರಿಗೆ ಬೇಕೆಂದೇ ಮಲೇರಿಯಾ ಹತ್ತಿಸಿ, ಆ ಜ್ವರದ ಕಾವಿನಿಂದ ಮೂಲರೋಗವನ್ನು ಹಿಮ್ಮೆಟ್ಟಿಸುವ ಸಾಹಸಕ್ಕೆ ಕೈಹಾಕಿದ್ದರು. ಹತ್ತು ವರ್ಷದ ನಂತರ ಅದಕ್ಕೆ ನೊಬೆಲ್ ಬಂತು. ಇವತ್ತು ಆ ಚಿಕಿತ್ಸೆಯನ್ನು ಯಾವ ವೈದ್ಯರೂ ಮಾಡುವುದಿಲ್ಲ. ಅದೇ ಕಟ್ಟಡದಲ್ಲಿ, ಅದೇ ವರ್ಷ, ಅವರ ಕೈಕೆಳಗಿನ ವೈದ್ಯರೊಬ್ಬರು ಮಾಡಿದ ಕೆಲಸಕ್ಕೆ ನೊಬೆಲ್ ಸಿಗಲಿಲ್ಲ. ನಾವು ಏಕೆ ಮಲಗುತ್ತೇವೆ, ಹೇಗೆ ಏಳುತ್ತೇವೆ ಎಂಬ ಇವತ್ತಿನ ತಿಳಿವಳಿಕೆಯ ಬುಡದಲ್ಲಿರುವುದು ಮಾತ್ರ ಆ ಎರಡನೆಯವರ ಕೆಲಸ.

ಅವರು ಕಾನ್‌ಸ್ಟಾಂಟಿನ್ ಫಾನ್ ಎಕನಾಮೊ. ಹುಟ್ಟಿದ್ದು 1876ರಲ್ಲಿ, ರೊಮೇನಿಯಾದ ಬ್ರೈಲಾ ಎಂಬ ಬಂದರಿನಲ್ಲಿ. ಮನೆತನ ಗ್ರೀಕ್ ಮೂಲದ್ದು. ಬೆಳೆದದ್ದು ಆಗ ಆಸ್ಟ್ರಿಯಾಕ್ಕೆ ಸೇರಿದ್ದ ತ್ರಿಯೆಸ್ತೆಯಲ್ಲಿ. ಅಪ್ಪ ಸಿರಿವಂತ ಉದ್ಯಮಿ. ಅಪ್ಪನ ಇಷ್ಟದಂತೆ ಮೊದಲೆರಡು ವರ್ಷ ಎಂಜಿನಿಯರಿಂಗ್ ಓದಿ, ಆಮೇಲೆ ವೈದ್ಯಕೀಯಕ್ಕೆ ಹೊರಳಿಕೊಂಡರು. ಪ್ಯಾರಿಸ್, ಮ್ಯೂನಿಕ್, ಬರ್ಲಿನ್ ಸುತ್ತಿ, ಅಂದಿನ ದೊಡ್ಡ ನರವೈದ್ಯರ ಹತ್ತಿರವೆಲ್ಲ ಕಲಿತು, 1906ರಲ್ಲಿ ವಿಯೆನ್ನಾದ ಈ ಚಿಕಿತ್ಸಾಲಯ ಸೇರಿದರು. ಎಂಜಿನಿಯರಿಂಗಿನ ಗೀಳು ಮಾತ್ರ ಬಿಡಲಿಲ್ಲ. ವಿಮಾನಗಳು ನೆಲ ಬಿಟ್ಟು ಏಳಲು ಆಗಷ್ಟೇ ಕಲಿಯುತ್ತಿದ್ದ ಕಾಲದಲ್ಲಿ ಫ್ರಾನ್ಸಿಗೆ ಹೋಗಿ ಹಾರಾಟ ಕಲಿತು ಬಂದರು. ಆಸ್ಟ್ರಿಯಾದಲ್ಲಿ ವಿಮಾನ ಚಾಲನೆಯ ಪರವಾನಗಿ ಪಡೆದ ಮೊದಲಿಗರಲ್ಲಿ ಅವರೊಬ್ಬರು, ಅಲ್ಲಿನ ಏರೋ ಕ್ಲಬ್ಬಿಗೆ ಬಹುಕಾಲ ಅಧ್ಯಕ್ಷರು. ಯುದ್ಧದಲ್ಲಿ ಪೈಲಟ್ ಆಗಿ ರಣರಂಗಕ್ಕೂ ಹೋದರು. ಸೋದರನೊಬ್ಬ ಯುದ್ಧದಲ್ಲಿ ಸತ್ತ ಮೇಲೆ ತಂದೆ-ತಾಯಿ ಹಟಹಿಡಿದು ಇವರನ್ನು ಹಿಂದಕ್ಕೆ ಕರೆಸಿಕೊಂಡರು. ತಲೆಗೆ ಗುಂಡು ಬಿದ್ದ ಸೈನಿಕರ ಶುಶ್ರೂಷೆಗೆಂದು ವಿಯೆನ್ನಾಕ್ಕೆ ಮರಳಿದಾಗ ಈ ನಿದ್ದೆಗಣ್ಣಿನ ರೋಗಿಗಳು ಎದುರಾದರು.

ಎಕನಾಮೊಗೆ ಒಂದು ಹಳೆಯ ಮಾತು ನೆನಪಿತ್ತು. 1889-90ರ ದೊಡ್ಡ ಇನ್‌ಫ್ಲುಯೆಂಜಾದ ಬೆನ್ನಿಗೇ ಉತ್ತರ ಇಟಲಿಯಲ್ಲಿ 'ನೋನಾ' ಎಂಬ ನಿದ್ದೆರೋಗ ಕಾಣಿಸಿಕೊಂಡಿತ್ತು. ಚಿಕ್ಕಂದಿನಲ್ಲಿ ಮನೆಯ ದೊಡ್ಡವರು ಅದರ ಬಗ್ಗೆ ಆಡಿಕೊಳ್ಳುತ್ತಿದ್ದುದನ್ನು ಅವರು ಕೇಳಿದ್ದರು. ಅದೇ ಈಗ ಮತ್ತೆ ಬಂದಿರಬಹುದೇ? ಇದು ಬೇರೆಬೇರೆ ರೋಗಗಳ ಕಲಸುಮೇಲೋಗರವಲ್ಲ, ಒಂದೇ ರೋಗ ಎಂಬ ಗುಮಾನಿ ಅವರಿಗೆ ಹುಟ್ಟಿತು. ಅದನ್ನು ಗಟ್ಟಿಮಾಡಿಕೊಂಡದ್ದು ಶವಾಗಾರದಲ್ಲಿ.

ಸತ್ತ ರೋಗಿಯ ಮೆದುಳನ್ನು ತೆಗೆದು ಕೈಯಲ್ಲಿ ಹಿಡಿದರೆ ಹೆಚ್ಚೇನೂ ಕಾಣುತ್ತಿರಲಿಲ್ಲ. ಕೀವಿಲ್ಲ, ಗಡ್ಡೆಯಿಲ್ಲ. ಅದನ್ನು ಫಾರ್ಮಾಲಿನ್‌ನಲ್ಲಿ ನೆನೆಹಾಕಿ ಗಟ್ಟಿಯಾಗಿಸಬೇಕು. ಆಮೇಲೆ ಬೇಕಾದ ಭಾಗವನ್ನು ಕೊಯ್ದು, ಮೈಕ್ರೋಟೋಮ್ ಎಂಬ ಯಂತ್ರದ ಅಲಗಿಗೆ ಕೊಟ್ಟು, ಬೆಳಕು ಹಾಯುವಷ್ಟು ತೆಳುವಾಗಿ ಸೀಳಬೇಕು. ಒಂದೊಂದು ಸೀಳನ್ನೂ ಗಾಜಿನ ಮೇಲೆ ಹರಡಿ ಕೋಶಗಳಿಗೆ ಹತ್ತುವ ಬಣ್ಣದಲ್ಲಿ ಅದ್ದಿ ಸೂಕ್ಷ್ಮದರ್ಶಕದ ಕೆಳಗಿಡಬೇಕು. ಮೊದಲನೆಯ ಸೀಳು, ಹತ್ತನೆಯದು, ನೂರನೆಯದು, ಎಲ್ಲವನ್ನೂ ಅದೇ ಅನುಕ್ರಮದಲ್ಲಿ ನೋಡುತ್ತ ಹೋದಾಗ ತಿಳಿಯಿತು: ಸಣ್ಣ ರಕ್ತನಾಳಗಳ ಸುತ್ತ ಬಿಳಿರಕ್ತಕಣಗಳು ಕವಚದ ಹಾಗೆ ಮುತ್ತಿಕೊಂಡಿವೆ, ಅಕ್ಕಪಕ್ಕದ ನರಕೋಶಗಳು ಸಾಯುತ್ತಿವೆ. ಇದು ಉರಿಯೂತ. ಆದರೆ ಮೆದುಳಿನ ತುಂಬ ಅಲ್ಲ. ಚಿಂತನೆಯ ಮನೆ ಎಂದು ಎಲ್ಲರೂ ಹೇಳುತ್ತಿದ್ದ ಹೊರಪದರಕ್ಕೆ ಹೆಚ್ಚಿನ ಪೆಟ್ಟು ಬಿದ್ದಿರಲಿಲ್ಲ. ಹಾನಿಯಾದದ್ದು ಬುಡದಲ್ಲಿ, ಮಧ್ಯಮೆದುಳಿನ ಬೂದುವಸ್ತುವಿನಲ್ಲಿ.

1917ರ ಏಪ್ರಿಲ್ 17ರಂದು ವಿಯೆನ್ನಾದ ಮನೋವೈದ್ಯ-ನರವೈದ್ಯರ ಸಂಘದ ಮುಂದೆ ಎಕನಾಮೊ ಇದನ್ನೆಲ್ಲ ಮಂಡಿಸಿದರು. ಮೇ 10ರಂದು ಲೇಖನ ಅಚ್ಚಾಯಿತು. ರೋಗಕ್ಕೆ ಅವರು ಇಟ್ಟ ಹೆಸರು ಎನ್ಸೆಫಲೈಟಿಸ್ ಲೆಥಾರ್ಜಿಕಾ. ಅದೇ ಏಪ್ರಿಲಿನಲ್ಲಿ ಶತ್ರುಪಾಳಯದ ಫ್ರೆಂಚ್ ವೈದ್ಯ ಜಾನ್-ರೆನೆ ಕ್ರೂಶೆ ಕೂಡ ವೆರ್ದಾಂ ಕಡೆಯ ಸೈನಿಕರಲ್ಲಿ ಕಂಡ ನಲವತ್ತು ಪ್ರಕರಣಗಳನ್ನು ವರದಿ ಮಾಡಿದರು. ಯುದ್ಧದ ನಡುವೆ ಒಬ್ಬರ ಪತ್ರಿಕೆ ಇನ್ನೊಬ್ಬರಿಗೆ ತಲುಪುವಂತಿರಲಿಲ್ಲ. ಮೊದಲು ಕಂಡವರು ಯಾರು ಎಂಬ ಜಗಳ ಆಮೇಲೆ ವರ್ಷಗಟ್ಟಲೆ ಎಳೆಯಿತು. ಕ್ರೂಶೆ ಪಟ್ಟಿಯಲ್ಲಿ ಬೇರೆ ಬೇರೆ ಕಾಯಿಲೆಗಳು ಬೆರೆತಿದ್ದವು ಎಂಬ ಮಾತಿದೆ, ಅದು ನನಗೂ ಸರಿ ಎನಿಸುತ್ತದೆ. ಇಂಗ್ಲೆಂಡಿನಲ್ಲಿ 1918ರ ಮೊದಲ ರೋಗಿಗಳನ್ನು ಕಂಡವರು ಅದನ್ನು ಬಾಟ್ಯುಲಿಸಂ ಎಂದೇ ನಂಬಿದ್ದರು, ಯುದ್ಧಕಾಲದ ಕೆಟ್ಟ ಆಹಾರದ ವಿಷ ಎಂದು.

ಮುಂದಿನ ಹತ್ತು ವರ್ಷ ಆ ಪಿಡುಗು ಯುರೋಪು, ಅಮೆರಿಕ ಎಲ್ಲ ಸುತ್ತಿತು. ಸತ್ತವರೇ ಲಕ್ಷಗಟ್ಟಲೆ ಎಂಬ ಅಂದಾಜಿದೆ. ಸಾಮಾನ್ಯವಾಗಿ ಹೇಳುವ ಲೆಕ್ಕ ಇದು: ಮೂರರಲ್ಲಿ ಒಂದು ಪಾಲು ಸತ್ತರು, ಒಂದು ಪಾಲು ಗುಣವಾದರು, ಇನ್ನೊಂದು ಪಾಲು ಬದುಕಿ ಉಳಿದರೂ ಮೊದಲಿನಂತಾಗಲಿಲ್ಲ. ವರ್ಷಗಳ ಮೇಲೆ ಅವರ ಮೈ ಬಿಗಿಯಿತು, ನಡೆ ನಿಂತಿತು, ಪಾರ್ಕಿನ್‌ಸನ್ ರೋಗಿಗಳ ಹಾಗೆ ಕುರ್ಚಿಯಲ್ಲಿ ಕೂತುಬಿಟ್ಟರು. 1969ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಹಾಗೆ ಉಳಿದಿದ್ದವರಿಗೆ ಎಲ್-ಡೋಪಾ ಎಂಬ ಔಷಧ ಕೊಟ್ಟು ನೋಡಿದ ಆಲಿವರ್ ಸ್ಯಾಕ್ಸ್ ಅವರ 'ಅವೇಕನಿಂಗ್ಸ್' ಪುಸ್ತಕದಿಂದ, ಅದಕ್ಕಿಂತ ಹೆಚ್ಚಾಗಿ ಅದರ ಸಿನಿಮಾದಿಂದ, ಈ ರೋಗದ ಹೆಸರು ಜನಕ್ಕೆ ತಿಳಿಯಿತು. ಆ ಕತೆ ಬೇಕಾದಷ್ಟು ಸಲ ಹೇಳಿ ಆಗಿದೆ. ಇಲ್ಲಿ ಬೇಕಾದ್ದು ಅದಕ್ಕೂ ಮುಂಚಿನದು.

ಮಕ್ಕಳ ಪಾಡು ಬೇರೆಯೇ ಆಗಿತ್ತು. ರೋಗ ಇಳಿದ ಮೇಲೆ ಎಷ್ಟೋ ಮಕ್ಕಳಿಗೆ ಹಗಲು-ರಾತ್ರಿ ಅದಲುಬದಲಾಗಿತ್ತು. ಹಗಲೆಲ್ಲ ತೂಕಡಿಕೆ; ಕತ್ತಲಾಗುತ್ತಲೇ ಎದ್ದು ಕೂತು, ಹಾಡಿ, ಕೂಗಿ, ಹಾಸಿಗೆ ಕಿತ್ತೆಸೆದು, ಬೆಳಗಿನ ಜಾವಕ್ಕೆ ಸುಸ್ತಾಗಿ ಬೀಳುತ್ತಿದ್ದವು. ಮೊದಲು ಸೌಮ್ಯವಾಗಿದ್ದ ಮಗು ಈಗ ಕದಿಯುತ್ತದೆ, ಕಚ್ಚುತ್ತದೆ, ಶಾಲೆಯಲ್ಲಿ ನಿಲ್ಲುವುದಿಲ್ಲ. ಲಂಡನ್ನಿನ ವಿಂಚ್‌ಮೋರ್ ಹಿಲ್‌ನಲ್ಲಿ ಇಂಥ ಮಕ್ಕಳಿಗೆಂದೇ ಪ್ರತ್ಯೇಕ ವಾರ್ಡ್ ತೆರೆಯಬೇಕಾಯಿತು. ಮಗುವಿನ ನಡತೆ ಕೆಟ್ಟಿತೆಂದು ಬೆತ್ತ ಹಿಡಿಯುತ್ತಿದ್ದ ಕಾಲದಲ್ಲಿ, ಕೆಟ್ಟದ್ದು ಮೆದುಳು ಎಂದು ವೈದ್ಯರು ಹೇಳಬೇಕಾಗಿ ಬಂತು.

ಎಕನಾಮೊ ಎತ್ತಿದ ಪ್ರಶ್ನೆ ಎಂಥದ್ದು ಎಂದು ತಿಳಿಯಲು, ಆಗ ನಿದ್ದೆಯ ಬಗ್ಗೆ ಬಲ್ಲವರು ಏನು ನಂಬಿದ್ದರು ನೋಡಬೇಕು. ಹೊಟ್ಟೆಯಿಂದ ಆವಿ ಎದ್ದು ತಲೆಗೆ ಹೋಗುತ್ತದೆ ಎಂಬುದು ಅರಿಸ್ಟಾಟಲ್ ಕಾಲದ್ದು. ಅದನ್ನು ಆಗ ಯಾರೂ ನಂಬುತ್ತಿರಲಿಲ್ಲ. ಆದರೂ ನಿದ್ದೆ ಎಂದರೆ ಏನೋ ಒಂದು ನಿಂತುಹೋಗುವುದು ಎಂಬ ತಿಳಿವಳಿಕೆ ಹಾಗೇ ಉಳಿದಿತ್ತು. ಕಣ್ಣು ಕಿವಿಗಳಿಂದ ಸುದ್ದಿ ಬರುವುದು ಕಡಿಮೆಯಾದರೆ ಮೆದುಳು ತಾನಾಗಿ ಸುಮ್ಮನಾಗುತ್ತದೆ ಎಂದು ಒಂದು ಗುಂಪು. ರಷ್ಯದ ಇವಾನ್ ಪಾವ್ಲೋವ್, ನಾಯಿಗಳಿಗೆ ಗಂಟೆ-ಊಟದ ಪಾಠ ಕಲಿಸುವಾಗ ಅವು ಪಟ್ಟಿಯಲ್ಲಿ ನಿಂತಲ್ಲೇ ನಿದ್ದೆ ಹೋಗುವುದನ್ನು ಕಂಡು, ಹೊರಪದರದ ಒಂದು ಕಡೆ ಶುರುವಾದ ತಡೆ ಎಲ್ಲೆಡೆ ಹರಡಿದರೆ ಅದೇ ನಿದ್ದೆ ಎಂದಿದ್ದರು. ಇನ್ನು ಪ್ಯಾರಿಸ್ಸಿನ ಆನ್ರಿ ಪಿಯೆರಾಂ. ಅವರು ನಾಯಿಗಳನ್ನು ದಿನಗಟ್ಟಲೆ ಮಲಗಲು ಬಿಡದೆ, ಅವುಗಳ ಮೆದುಳಿನ ದ್ರವ ತೆಗೆದು ಚೆನ್ನಾಗಿ ನಿದ್ದೆ ಮಾಡಿದ ನಾಯಿಗಳಿಗೆ ಚುಚ್ಚಿದರು. ಅವೂ ಮಲಗಿದವು. ಎಚ್ಚರ ಕೂಡಿಹಾಕುವ ಯಾವುದೋ ರಾಸಾಯನಿಕ ಇದೆ ಎಂಬುದು ಅವರ ವಾದ. ಎಕನಾಮೊ ಈ ಮಾತನ್ನು ತಳ್ಳಿಹಾಕಲಿಲ್ಲ. ಆ ರಾಸಾಯನಿಕ ಮೆದುಳಿನಲ್ಲಿ ಎಲ್ಲಿಗೆ ಹೋಗಿ ನಾಟುತ್ತದೆ ಎಂದು ಮಾತ್ರ ಕೇಳಿದರು. (ದಣಿವು ಕೂಡಿಸುವ ಇಂಥ ವಸ್ತುಗಳಲ್ಲಿ ಒಂದು ಅಡೆನೋಸಿನ್ ಎಂದು ಈಗ ಗೊತ್ತು. ಕಾಫಿಯೊಳಗಿನ ಕೆಫೀನ್ ಅಡೆನೋಸಿನ್ ಕೂರಬೇಕಾದ ಜಾಗದಲ್ಲಿ ತಾನು ಹೋಗಿ ಕೂರುತ್ತದೆ, ಅಷ್ಟೇ.)

ಪಾವ್ಲೋವ್ ವಾದಕ್ಕೆ ಎಕನಾಮೊ ಹತ್ತಿರ ನೇರ ಉತ್ತರವಿತ್ತು. ಹೊರಪದರವೇ ನಿದ್ದೆಯ ಒಡೆಯ ಆಗಿದ್ದರೆ, ಹೊರಪದರ ಹೆಚ್ಚುಕಡಿಮೆ ನೆಟ್ಟಗಿದ್ದ ಈ ರೋಗಿಗಳು ತಿಂಗಳುಗಟ್ಟಲೆ ಮಲಗಿದ್ದೇಕೆ? 1892ರಲ್ಲೇ ಸ್ಟ್ರಾಸ್‌ಬರ್ಗಿನ ಫ್ರೀಡ್ರಿಶ್ ಗೋಲ್ಟ್ಸ್ ಮೆದುಳಿನ ಎರಡೂ ಗೋಳಾರ್ಧಗಳನ್ನು ತೆಗೆದುಹಾಕಿ ಒಂದು ನಾಯಿಯನ್ನು ಹದಿನೆಂಟು ತಿಂಗಳು ಬದುಕಿಸಿದ್ದರು. ಆ ನಾಯಿ ಯಜಮಾನನ ಗುರುತು ಹಿಡಿಯುತ್ತಿರಲಿಲ್ಲ. ಆದರೆ ಹೊತ್ತಿಗೆ ಮಲಗುತ್ತಿತ್ತು, ಹೊತ್ತಿಗೆ ಏಳುತ್ತಿತ್ತು.

ನಿದ್ದೆಯ ರೋಗಿಗಳಷ್ಟೇ ಬಂದಿದ್ದರೆ ಎಕನಾಮೊ ಅರ್ಧ ಸತ್ಯಕ್ಕೇ ನಿಲ್ಲುತ್ತಿದ್ದರೋ ಏನೋ. ಅದೇ ಪಿಡುಗಿಗೆ ಸಿಕ್ಕ ಕೆಲವರಲ್ಲಿ ಅದು ತದ್ವಿರುದ್ಧ ರೂಪ ತಾಳಿತು. ಇವರಿಗೆ ನಿದ್ದೆಯೇ ಇಲ್ಲ. ಮೈಯೆಲ್ಲ ಬಳುಕಾಟ, ಕೈಕಾಲು ಎಳೆದಾಟ, ದಿನಗಟ್ಟಲೆ ಕಣ್ಣು ಮುಚ್ಚದ ಚಡಪಡಿಕೆ; ದಣಿದು ನೆಲಕಚ್ಚಿದರೂ ನಿದ್ದೆ ಹತ್ತದು. ಎಷ್ಟೋ ಜನ ಹಾಗೆಯೇ ಸತ್ತರು. ಈ ಎರಡು ಬಗೆಯ ಮೆದುಳುಗಳ ಸೀಳುಗಳನ್ನು ಎಕನಾಮೊ ಹೋಲಿಸಿ ನೋಡಿದರು. ಹೈಪೋಥಲಾಮಸ್ ಇರುವುದು ಮೆದುಳಿನ ನಟ್ಟನಡುವೆ, ತಳದಲ್ಲಿ, ಮೂರನೆಯ ಕುಹರ ಎಂಬ ದ್ರವ ತುಂಬಿದ ಸೀಳುಗಂಡಿಯ ಎರಡೂ ಗೋಡೆಗಳಲ್ಲಿ; ಗಾತ್ರ ಒಂದು ಬಾದಾಮಿಯಷ್ಟು. ಮಲಗಿಯೇ ಇದ್ದವರ ಮೆದುಳಿನಲ್ಲಿ ಅದರ ಹಿಂಭಾಗ, ಮಧ್ಯಮೆದುಳಿಗೆ ಸೇರುವ ಕಡೆ, ಕೆಟ್ಟಿತ್ತು. ಕಣ್ಣುಗುಡ್ಡೆ, ರೆಪ್ಪೆಗಳನ್ನು ಆಡಿಸುವ ನರದ ಮೂಲವೂ ಅಲ್ಲಿಗೆ ಹತ್ತಿರವೇ ಇರುವುದರಿಂದ ರೆಪ್ಪೆ ಜೋತುಬಿದ್ದದ್ದಕ್ಕೂ ಕಾರಣ ಸಿಕ್ಕಿತು. ನಿದ್ದೆಯಿಲ್ಲದೆ ಸತ್ತವರಲ್ಲಿ ಕೆಟ್ಟದ್ದು ಮುಂಭಾಗ. ಅಂಗಚಲನೆ ನಿಭಾಯಿಸುವ ಬೇಸಲ್ ಗ್ಯಾಂಗ್ಲಿಯಾ ಅದಕ್ಕೆ ತಾಗಿಕೊಂಡೇ ಇದೆ, ಬಳುಕಾಟಕ್ಕೆ ಅದೇ ಮೂಲ.

ಹಾಗಾದರೆ ಹಿಂಭಾಗ ನಮ್ಮನ್ನು ಎಚ್ಚರ ಇಡುತ್ತದೆ, ಮುಂಭಾಗ ಮಲಗಿಸುತ್ತದೆ. ಎರಡನೆಯ ಮಾತೇ ದೊಡ್ಡದು. ಮಲಗುವುದಕ್ಕೂ ಮೆದುಳಿನಲ್ಲಿ ದುಡಿಯುವ ಒಂದು ಜಾಗ ಬೇಕು, ಅದು ಸತ್ತರೆ ನಿದ್ದೆ ತಾನಾಗಿ ಬರುವುದಿಲ್ಲ ಎಂದು ಅದಕ್ಕೆ ಮುಂಚೆ ಹೀಗೆ ಗಾಜಿನ ಮೇಲಿಟ್ಟು ತೋರಿಸಿದವರಿರಲಿಲ್ಲ. ಹೀಗೆ ಎರಡು ಭಾಗಗಳಿರುವ, ನಿದ್ದೆಯನ್ನು ನಡೆಸುವ ಕೇಂದ್ರ ಎಂದು ಎಕನಾಮೊ ಅದನ್ನು ಕರೆದರು. ವಿಯೆನ್ನಾದವರೇ ಆದ ಕಣ್ಣಿನ ವೈದ್ಯ ಲುಡ್ವಿಗ್ ಮೌತ್ನರ್, ರೆಪ್ಪೆ ಬೀಳುವುದಕ್ಕೂ ನಿದ್ದೆಗೂ ನಂಟು ಕಂಡು 1890ರಲ್ಲೇ ನಿದ್ದೆಯ ಜಾಗವನ್ನು ಮಧ್ಯಮೆದುಳಿನ ಆಸುಪಾಸಿನಲ್ಲಿ ಊಹಿಸಿದ್ದರು. ಆ ಊಹೆಗೆ ಈಗ ಮೂವತ್ತು ವರ್ಷದ ಮೇಲೆ ಸಾಕ್ಷಿ ಸಿಕ್ಕಂತಾಯಿತು.

1925ರಲ್ಲಿ ಅವರು ಗೇಯೊರ್ಗ್ ಕೊಸ್ಕಿನಾಸ್ ಜೊತೆ ಮೆದುಳಿನ ಹೊರಪದರದ ಕೋಶವಿನ್ಯಾಸದ ಬೃಹತ್ ಗ್ರಂಥ ತಂದರು, 1929ರಲ್ಲಿ ನಿದ್ದೆರೋಗದ ದೊಡ್ಡ ಪುಸ್ತಕ. ಅದೇ ವರ್ಷದ ಕೊನೆಯಲ್ಲಿ ನ್ಯೂಯಾರ್ಕಿಗೆ ಹೋಗಿ ಕೊಲಂಬಿಯಾ ವಿಶ್ವವಿದ್ಯಾಲಯದ ವೈದ್ಯರ ಮುಂದೆ ನಿದ್ದೆಯ ಜಾಗದ ಬಗ್ಗೆ ಉಪನ್ಯಾಸ ಕೊಟ್ಟರು. ಹಗಲಲ್ಲಿ ಇದ್ದಕ್ಕಿದ್ದಂತೆ ನಿದ್ದೆಗೆ ಬೀಳುವ, ನಗು ಬಂದರೂ ಮೊಣಕಾಲು ಕುಸಿಯುವ ನಾರ್ಕೊಲೆಪ್ಸಿ ಎಂಬ ಇನ್ನೊಂದು ಕಾಯಿಲೆಗೂ ಹೈಪೋಥಲಾಮಸ್ ಹಿಂಭಾಗದ ದೋಷವೇ ಕಾರಣ ಇರಬೇಕು ಎಂದರು. ಆಗ ಅದಕ್ಕೆ ಪುರಾವೆ ಏನೂ ಇರಲಿಲ್ಲ. 1931ರ ಅಕ್ಟೋಬರ್ 21ರಂದು ಹೃದ್ರೋಗದಿಂದ ತೀರಿಕೊಂಡಾಗ ಎಕನಾಮೊಗೆ ಐವತ್ತೈದು. ಅಷ್ಟರಲ್ಲಿ ಪಿಡುಗೂ ಬಂದಂತೆಯೇ ಹೊರಟುಹೋಗಿತ್ತು. ಅದಕ್ಕೆ ಕಾರಣವಾದ ಕ್ರಿಮಿ ಇಂಥದೇ ಎಂದು ಇವತ್ತಿಗೂ ಗಟ್ಟಿಯಾಗಿಲ್ಲ. ಸ್ಪ್ಯಾನಿಷ್ ಫ್ಲೂ ಮೇಲೆ ಹೊರಿಸಿದವರಿದ್ದಾರೆ, ಆದರೆ ವಿಯೆನ್ನಾದ ರೋಗಿಗಳು 1918ರ ಫ್ಲೂಗೂ ಮುಂಚಿನವರು. ದೇಹದ ರಕ್ಷಣಾವ್ಯವಸ್ಥೆಯೇ ತಿರುಗಿಬಿದ್ದು ಮೆದುಳನ್ನು ಹೊಡೆದಿರಬೇಕು ಎನ್ನುವವರೂ ಇದ್ದಾರೆ.

ಆಮೇಲೆ ಆದದ್ದು ವಿಚಿತ್ರ. ಎಕನಾಮೊ ಹೇಳಿದ ಎರಡು ಮಾತಿನಲ್ಲಿ ಒಂದನ್ನು ಲೋಕ ಎತ್ತಿಕೊಂಡಿತು, ಇನ್ನೊಂದನ್ನು ಕೈಬಿಟ್ಟಿತು.

ಜರ್ಮನಿಯ ಯೇನಾದಲ್ಲಿ ಹಾನ್ಸ್ ಬೆರ್ಗರ್ ಮನುಷ್ಯನ ತಲೆಬುರುಡೆಯ ಮೇಲಿಂದಲೇ ಮೆದುಳಿನ ವಿದ್ಯುತ್ತನ್ನು ಬರೆದುಕೊಳ್ಳುವ ಇಇಜಿ ತಂತ್ರವನ್ನು 1929ರಲ್ಲಿ ಪ್ರಕಟಿಸಿದ್ದರು. ನಿದ್ದೆ ಈಗ ಕಾಗದದ ಮೇಲಿನ ಗೆರೆಯಾಯಿತು. ಬ್ರಸಲ್ಸ್‌ನ ಫ್ರೆಡೆರಿಕ್ ಬ್ರೆಮೆರ್ 1935ರಲ್ಲಿ ಬೆಕ್ಕಿನ ಮೆದುಳುಕಾಂಡವನ್ನು ಬೆನ್ನುಹುರಿಗೆ ಸೇರುವಲ್ಲಿ ಕತ್ತರಿಸಿದರು: ಮೆದುಳು ಹೊತ್ತಿಗೆ ತಕ್ಕಂತೆ ಮಲಗಿ ಏಳುತ್ತಲೇ ಇತ್ತು. ಸ್ವಲ್ಪ ಮೇಲೆ, ಮಧ್ಯಮೆದುಳಿನಲ್ಲಿ ಕತ್ತರಿಸಿದರೆ ಅಲೆಗಳು ನಿಧಾನವಾಗಿ ದೊಡ್ಡದಾದವು, ಪಾಪೆ ಕಿರಿದಾಯಿತು, ಎಚ್ಚರ ಮತ್ತೆ ಬರಲೇ ಇಲ್ಲ. ಇಂದ್ರಿಯಗಳ ಸುದ್ದಿ ನಿಂತದ್ದೇ ಕಾರಣ ಎಂದರು ಬ್ರೆಮೆರ್. 1949ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಇಟಲಿಯ ಜೂಸೆಪ್ಪೆ ಮೊರುಜ್ಜಿ ಮತ್ತು ಹೊರೇಸ್ ಮೆಗೂನ್ ಸೇರಿ ಮೆದುಳುಕಾಂಡದ ನಡುವಿನ ಜಾಲರಿಯಂಥ ನರಭಾಗಕ್ಕೆ ಸಣ್ಣ ವಿದ್ಯುತ್ ಕೊಟ್ಟರು. ನಿದ್ದೆಯ ದೊಡ್ಡ ಅಲೆಗಳು ಆ ಕ್ಷಣವೇ ಎಚ್ಚರದ ಸಣ್ಣ ಚುರುಕು ಅಲೆಗಳಾದವು. ಎಚ್ಚರ ಕೊಡುವ ಯಂತ್ರ ಸಿಕ್ಕಿತ್ತು. ಅದು ನಿಜಕ್ಕೂ ಮಹತ್ವದ ಕೆಲಸ. ಅದರ ಬೆಳಕು ಎಷ್ಟು ಪ್ರಖರವಾಗಿತ್ತೆಂದರೆ ಎಲ್ಲರೂ ಆ ಕಡೆಗೇ ತಿರುಗಿದರು. ಎಚ್ಚರದ ಯಂತ್ರ ಆರಿದರೆ ಮಿಕ್ಕದ್ದು ನಿದ್ದೆ ಎಂಬ ಹಳೆಯ ನಂಬಿಕೆ ಹೊಸ ಅಂಗಿ ತೊಟ್ಟು ಹಿಂದೆಯೇ ಒಳಗೆ ಬಂತು. ನಿದ್ದೆಯಿಲ್ಲದೆ ಸತ್ತ ವಿಯೆನ್ನಾದ ರೋಗಿಗಳು ಎಲ್ಲರಿಗೂ ಮರೆತುಹೋದರು.

ಸಾಕ್ಷಿ ಹೊಸದಾಗಿ ಸಿಕ್ಕಿರಲಿಲ್ಲ ಎಂದಲ್ಲ. ಜರ್ಮನರ ವಶದಲ್ಲಿದ್ದ ನೆದರ್‌ಲೆಂಡ್ಸ್‌ನ ಯೂಟ್ರೆಕ್ಟ್‌ನಲ್ಲಿ ವಾಲೆ ನೌಟಾ ಎಂಬ ತರುಣ ಇಲಿಗಳ ಹೈಪೋಥಲಾಮಸ್ಸನ್ನು ಸಣ್ಣ ಅಲಗಿನಿಂದ ಅಡ್ಡಕ್ಕೆ ಕೊಯ್ದು ನೋಡುತ್ತಿದ್ದರು. ಹಿಂದೆ ಕೊಯ್ದರೆ ಇಲಿ ಮಲಗಿಬಿಡುತ್ತಿತ್ತು. ಮುಂದೆ ಕೊಯ್ದರೆ ನಿದ್ದೆ ಬಾರದೆ ಕೆಲವೇ ದಿನದಲ್ಲಿ ಬಳಲಿ ಸಾಯುತ್ತಿತ್ತು. ಎಕನಾಮೊ ಹೇಳಿದ್ದೇ ಇದು. 1946ರಲ್ಲಿ ಲೇಖನ ಬಂತು, ಒಳ್ಳೆಯ ಪತ್ರಿಕೆಯಲ್ಲೇ ಬಂತು. ಆದರೆ ಮೂರು ವರ್ಷದ ನಂತರ ಬಂದ ಮೊರುಜ್ಜಿ-ಮೆಗೂನ್ ಲೇಖನದ ಗದ್ದಲದಲ್ಲಿ ಅದು ಕೇಳಿಸಲಿಲ್ಲ. ಇದಕ್ಕೆ ಯಾರನ್ನೂ ದೂರುವಂತಿಲ್ಲ. ಅಲಗಿನಿಂದ ಕೊಯ್ದರೆ ಆ ಜಾಗದ ಕೋಶಗಳ ಜೊತೆಗೆ ಅಲ್ಲಿಂದ ಹಾದುಹೋಗುವ ತಂತುಗಳೂ ತುಂಡಾಗುತ್ತವೆ. ಇಲಿ ನಿದ್ದೆಗೆಟ್ಟದ್ದು ಸತ್ತ ಕೋಶದಿಂದಲೋ ತುಂಡಾದ ತಂತಿಯಿಂದಲೋ ಎಂದು ಯಾರಾದರೂ ಕೇಳಿದರೆ ನೌಟಾ ಹತ್ತಿರ ಉತ್ತರವಿರಲಿಲ್ಲ. ಎಕನಾಮೊ ಹತ್ತಿರವೂ ಇರಲಿಲ್ಲ.

ಈ ನಡುವೆ ಅದೇ ಮುಂಭಾಗದಲ್ಲಿ ಇನ್ನೊಂದು ಸಿಕ್ಕಿತು. ನಾವು ಎಷ್ಟು ಹೊತ್ತು ಮಲಗುತ್ತೇವೆ ಎನ್ನುವುದು ಒಂದು ಪ್ರಶ್ನೆ, ಯಾವ ಹೊತ್ತಿಗೆ ಎನ್ನುವುದು ಬೇರೆ ಪ್ರಶ್ನೆ. ಬಾಲ್ಟಿಮೋರಿನ ಕರ್ಟ್ ರಿಕ್ಟರ್ ದೇಹದ ಗಡಿಯಾರ ಎಲ್ಲಿದೆ ಎಂದು ಹುಡುಕುತ್ತ, ಇಲಿಗಳ ಒಂದೊಂದೇ ಅಂಗವನ್ನು ಕೆಡಿಸಿ ನೋಡುತ್ತ ವರ್ಷಗಟ್ಟಲೆ ಕಳೆದು ಕೊನೆಗೆ ಹೈಪೋಥಲಾಮಸ್‌ಗೆ ಬಂದು ತಲುಪಿದ್ದರು. 1972ರಲ್ಲಿ ಎರಡು ತಂಡಗಳು, ಷಿಕಾಗೋದ ರಾಬರ್ಟ್ ಮೂರ್ ಮತ್ತು ವಿಕ್ಟರ್ ಐಕ್ಲರ್, ಬರ್ಕ್ಲಿಯ ಫ್ರೆಡ್ರಿಕ್ ಸ್ಟೆಫನ್ ಮತ್ತು ಇರ್ವಿಂಗ್ ಜುಕರ್, ಬೇರೆಬೇರೆಯಾಗಿ ಒಂದೇ ಜಾಗಕ್ಕೆ ಬೆರಳಿಟ್ಟವು: ಎರಡು ಕಣ್ಣಿನ ನರಗಳು ಒಂದನ್ನೊಂದು ದಾಟುವ ಕವಲಿನ ನೆತ್ತಿಯ ಮೇಲಿನ ಸುಪ್ರಾಕಯಾಸ್ಮ್ಯಾಟಿಕ್ ನ್ಯೂಕ್ಲಿಯಸ್. ಅಲ್ಲಿ ಇರುವುದು ಇಪ್ಪತ್ತು ಸಾವಿರದಷ್ಟು ಕೋಶಗಳು. ಅವನ್ನು ಕೆಡಿಸಿದರೆ ಇಲಿ ಹೆಚ್ಚುಕಡಿಮೆ ಮೊದಲಿನಷ್ಟೇ ಮಲಗುತ್ತದೆ, ಆದರೆ ದಿನವಿಡೀ ಚೂರುಚೂರಾಗಿ. ಹಗಲು-ರಾತ್ರಿಯ ಲೆಕ್ಕ ತಪ್ಪುತ್ತದೆ. 1990ರಲ್ಲಿ ಮೈಕೇಲ್ ಮೆನೇಕರ್ ತಂಡ, ಹುಟ್ಟಿನಿಂದಲೇ 20 ಗಂಟೆಯ ದಿನ ನಡೆಸುವ ಒಂದು ಬಗೆಯ ಹ್ಯಾಮ್‌ಸ್ಟರ್‌ನ ಆ ಭಾಗವನ್ನು, ಗಡಿಯಾರ ಕಳೆದುಕೊಂಡ ಮಾಮೂಲಿ ಹ್ಯಾಮ್‌ಸ್ಟರ್‌ಗೆ ಕಸಿ ಮಾಡಿತು. ಕಸಿ ಮಾಡಿಸಿಕೊಂಡ ಪ್ರಾಣಿ 20 ಗಂಟೆಯ ದಿನವನ್ನೇ ಬದುಕತೊಡಗಿತು.

ಗಡಿಯಾರ ಎಷ್ಟು ಆಳದಲ್ಲಿ ಬೇರೂರಿದೆ ಎಂಬುದಕ್ಕೆ ಒಂದು ಸಾಕ್ಷಿ ಬೆಂಗಳೂರಿನ ಜಕ್ಕೂರಿನದು. ಅಲ್ಲಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ 600ಕ್ಕೂ ಹೆಚ್ಚು ತಲೆಮಾರು ಕತ್ತಲೆಯನ್ನೇ ಕಾಣದೆ, ಆರದ ಬೆಳಕಿನಲ್ಲಿ ಬೆಳೆದ ಹಣ್ಣುನೊಣಗಳಿದ್ದವು. ವಿ. ಶೀಬಾ, ವಿಜಯ ಕುಮಾರ್ ಶರ್ಮ, ಎಂ.ಕೆ. ಚಂದ್ರಶೇಖರನ್, ಅಮಿತಾಭ್ ಜೋಶಿ ಅವುಗಳನ್ನು ಪರೀಕ್ಷಿಸಿ 1999ರಲ್ಲಿ ಬರೆದರು: ಅಷ್ಟು ತಲೆಮಾರಾದರೂ ಪ್ಯೂಪಾ ಗೂಡಿನಿಂದ ನೊಣ ಹೊರಬರುವ ದಿನದ ಲಯ ಅಳಿದಿಲ್ಲ.

ಎಕನಾಮೊ ಬಿಟ್ಟುಹೋದ ಪ್ರಶ್ನೆಗೆ ಮರಳೋಣ. ಕೋಶಗಳನ್ನು ಮಾತ್ರ ಕೊಂದು, ಹಾದುಹೋಗುವ ತಂತುಗಳನ್ನು ಹಾಗೇ ಉಳಿಸುವ ರಾಸಾಯನಿಕಗಳು ಕೈಗೆ ಬಂದ ಮೇಲೆ ಮುಂಭಾಗದ ವಿಚಾರ ಮತ್ತೆ ಎದ್ದಿತು. ದೆಹಲಿಯ ಏಮ್ಸ್‌ನಲ್ಲಿ ವಿ. ಮೋಹನ್ ಕುಮಾರ್ ಅವರ ತಂಡ ಇಲಿಗಳ ಮುಂಭಾಗದ ಕೋಶಗಳನ್ನು ಹೀಗೆ ಕೆಡಿಸಿ ನಿದ್ದೆ ಕುಗ್ಗುವುದನ್ನು ತೋರಿಸಿತು. 1996ರಲ್ಲಿ ಹಾರ್ವರ್ಡ್‌ನ ಕ್ಲಿಫರ್ಡ್ ಸೇಪರ್ ಮತ್ತು ಸಂಗಡಿಗರು ಇನ್ನೊಂದು ದಾರಿ ಹಿಡಿದರು. ದುಡಿದ ನರಕೋಶದಲ್ಲಿ ಫಾಸ್ ಎಂಬ ಪ್ರೋಟೀನ್ ಕೂಡಿಕೊಳ್ಳುತ್ತದೆ. ಆಗಷ್ಟೇ ಚೆನ್ನಾಗಿ ಮಲಗಿದ್ದ ಇಲಿಯ ಮೆದುಳಿನಲ್ಲಿ ಆ ಪ್ರೋಟೀನ್ ಎಲ್ಲಿದೆ ಎಂದು ಹುಡುಕಿದರೆ, ಮೆದುಳಿನ ಬಹುಪಾಲು ಖಾಲಿ, ಮುಂಭಾಗದ ಒಂದು ಸಣ್ಣ ಗುಂಪಿನಲ್ಲಿ ಮಾತ್ರ ತುಂಬಿದೆ. ಆ ಕೋಶಗಳ ತಂತುಗಳು ನೇರ ಹಿಂಭಾಗಕ್ಕೆ, ಹಿಸ್ಟಮಿನ್ ಸ್ರವಿಸಿ ಎಚ್ಚರ ಇಡುವ ಕೋಶಗಳಿಗೆ ಹೋಗಿ ಅವನ್ನು ಅದುಮುತ್ತವೆ. ಹಳೆಯ ಬಗೆಯ ನೆಗಡಿ ಮಾತ್ರೆ ನುಂಗಿದರೆ ತೂಕಡಿಕೆ ಬರುವುದು ಅದು ಇದೇ ಹಿಸ್ಟಮಿನ್‌ಗೆ ಅಡ್ಡ ಬರುವುದರಿಂದ. ಎಚ್ಚರದ ಕೋಶಗಳೂ ಸುಮ್ಮನಿಲ್ಲ, ತಮ್ಮ ಸರದಿ ಬಂದಾಗ ನಿದ್ದೆಯ ಕೋಶಗಳನ್ನು ಅದುಮುತ್ತವೆ. ಯಾವ ಕಡೆ ಮೇಲುಗೈಯಾದರೂ ಇನ್ನೊಂದು ಪೂರ್ತಿ ಕೆಳಗೆ. ಅದಕ್ಕೇ ನಾವು ಬಹುಮಟ್ಟಿಗೆ ಎಚ್ಚರದಲ್ಲಿರುತ್ತೇವೆ ಇಲ್ಲವೇ ನಿದ್ದೆಯಲ್ಲಿರುತ್ತೇವೆ, ನಡುವೆ ತೂಗಾಡುವುದು ಕಡಿಮೆ. ಸೇಪರ್ ಇದನ್ನು ಸ್ವಿಚ್ ಎಂದು ಕರೆದರು.

ನಾರ್ಕೊಲೆಪ್ಸಿಯ ಊಹೆ ಅದಕ್ಕಿಂತಲೂ ಬೆರಗಿನದು. 1998ರಲ್ಲಿ ಅಮೆರಿಕದ ಎರಡು ಬೇರೆಬೇರೆ ತಂಡಗಳಿಗೆ ಹೈಪೋಥಲಾಮಸ್‌ನ ಪಕ್ಕ-ಹಿಂಭಾಗದಲ್ಲಷ್ಟೇ ತಯಾರಾಗುವ ಒಂದು ಹೊಸ ನರವಸ್ತು ಸಿಕ್ಕಿತು. ಒಬ್ಬರು ಹೈಪೋಕ್ರೆಟಿನ್ ಎಂದರು, ಇನ್ನೊಬ್ಬರು ಒರೆಕ್ಸಿನ್ ಎಂದರು. ಎರಡೂ ಹೆಸರು ಇಂದಿಗೂ ಚಾಲ್ತಿಯಲ್ಲಿವೆ. ಮರುವರ್ಷ ಸ್ಟ್ಯಾನ್‌ಫರ್ಡಿನ ಎಮ್ಮಾನುಯೆಲ್ ಮಿನ್ಯೊ ತಂಡ, ಊಟದ ತಟ್ಟೆ ಕಂಡ ಖುಷಿಗೇ ಕಾಲು ಕುಸಿದು ಬೀಳುವ ಡಾಬರ್‌ಮನ್ ನಾಯಿಗಳಲ್ಲಿ ಆ ವಸ್ತುವನ್ನು ಸ್ವೀಕರಿಸುವ ಗ್ರಾಹಕದ ಜೀನ್ ಕೆಟ್ಟಿದೆ ಎಂದು ತೋರಿಸಿತು. 2000ದಲ್ಲಿ, ಸತ್ತ ನಾರ್ಕೊಲೆಪ್ಸಿ ರೋಗಿಗಳ ಮೆದುಳನ್ನು ಸೀಳಿ ಎಣಿಸಿದಾಗ ಆ ವಸ್ತು ತಯಾರಿಸುವ ಕೋಶಗಳಲ್ಲಿ ನೂರಕ್ಕೆ 85ರಿಂದ 95 ಇಲ್ಲವಾಗಿದ್ದವು. ಎಪ್ಪತ್ತು ವರ್ಷ ಹಿಂದೆ ಎಕನಾಮೊ ತೋರಿಸಿದ್ದ ದಿಕ್ಕೂ ಇದೇ. ಆ ವಸ್ತುವಿಗೆ ಅಡ್ಡಗಟ್ಟುವ ಸುವೊರೆಕ್ಸಂಟ್ ಎಂಬ ನಿದ್ದೆ ಮಾತ್ರೆಗೆ 2014ರಲ್ಲಿ ಅಮೆರಿಕ ಅನುಮತಿ ಕೊಟ್ಟಿತು.

ಅದೇ 2014ರಲ್ಲಿ ಸೇಪರ್ ಮತ್ತು ಸಂಗಡಿಗರ ಇನ್ನೊಂದು ಲೇಖನ ಬಂತು. ಸತ್ತ ಮೇಲೆ ಮೆದುಳು ಕೊಡಲು ಒಪ್ಪಿದ ವೃದ್ಧರ ಮಣಿಕಟ್ಟಿಗೆ ಬದುಕಿದ್ದಾಗಲೇ ಗಡಿಯಾರದಂಥ ಸಾಧನ ಕಟ್ಟಿ, ರಾತ್ರಿ ಎಷ್ಟು ಸಲ ಹೊರಳಿದರು, ಎದ್ದರು ಎಂಬ ದಾಖಲೆ ಇಟ್ಟುಕೊಂಡಿದ್ದರು. ಅವರು ತೀರಿಕೊಂಡ ಮೇಲೆ ಮೆದುಳನ್ನು ಸೀಳಿ, ಬಣ್ಣ ಹಾಕಿ, ಮುಂಭಾಗದ ಆ ನಿದ್ದೆಯ ಕೋಶಗಳನ್ನು ಒಂದೊಂದಾಗಿ ಎಣಿಸಿದರು. ಕೋಶಗಳು ಕಡಿಮೆ ಇದ್ದಷ್ಟೂ ಬದುಕಿದ್ದಾಗಿನ ನಿದ್ದೆ ಹರಿದು ಚೂರಾಗಿತ್ತು. ಆಲ್‌ಝೈಮರ್ ಹಿಡಿದಿದ್ದವರಲ್ಲಿ ಕೋಶಗಳು ಇನ್ನೂ ಕಡಿಮೆ. ವಯಸ್ಸಾದವರಿಗೆ ನಿದ್ದೆ ಅಷ್ಟಾಗಿ ಬೇಕಿಲ್ಲ ಎಂದು ನಾವು ಮನೆಮನೆಯಲ್ಲೂ ಹೇಳುತ್ತೇವೆ. ಆ ಎಣಿಕೆ ಹೇಳುವುದು ಬೇರೆ: ನಿದ್ದೆ ಅವರಿಗೂ ಬೇಕು, ಅದನ್ನು ಕೊಡುವ ಕೋಶಗಳು ಉಳಿದಿಲ್ಲ.